ಕೊಂಬಿನ ಇಳಿ

ಮಾರ್ಚ್ ೩, ಸೋಮವಾರ

ಈ ದಿನಚರಿಯನ್ನು ಆರಂಭಿಸಲು ಒದಗಿದ ಸಂದರ್ಭದ ವಿವರಗಳು ಕೆಳಕಂಡಂತಿವೆ:

೧. ಬರೆಯುವವನು: ನಗರಾಡಳಿತ ಕಚೇರಿಯ ಹೊರಜಗಲಿಯಲ್ಲಿ ನಲವತ್ತೊಂದು ವರ್ಷ ಅರ್ಜಿ ಬರೆದವನು. ವಯಸ್ಸು ಎಪ್ಪತ್ತಮೂರು. ಕನ್ನಡಕ ಉಂಟು, ಕೈನಡುಕ ಇಲ್ಲ.

೨. ವಾಸ: ಮಗ ಹಾಗೂ ಸೊಸೆಯೊಂದಿಗೆ, ಮೂರನೆಯ ಮಹಡಿಯಲ್ಲಿ. ಮಗನು ದೂರದೂರಿಗೆ ಲಾರಿ ಓಡಿಸುವವನಾದ ಕಾರಣ ತಿಂಗಳಿಗೆ ನಾಲ್ಕು ದಿನ ಮಾತ್ರ ಲಭ್ಯ.

೩. ಸೊಸೆಯ ಉದ್ಯೋಗ: ವೆಬ್ ಪುಟಗಳನ್ನು ಕಟ್ಟುವುದು. ಸದರಿ ಕಚೇರಿಯು ಏಪ್ರಿಲ್ ಒಂದರಿಂದ ಕಾಗದದ ಅರ್ಜಿಗಳನ್ನು ನಿಲ್ಲಿಸಿ, ಸಕಲವನ್ನೂ ವೆಬ್ ಪುಟದ ಮುಖಾಂತರವೇ ಸ್ವೀಕರಿಸತಕ್ಕದ್ದೆಂದು ತೀರ್ಮಾನಿಸಿದ್ದು, ಆ ಪುಟ ಕಟ್ಟುವ ಗುತ್ತಿಗೆ ಸೊಸೆಗೇ ದೊರೆತಿದೆ.

೪. ಅಂದರೆ, ಮಾವನ ಮೇಜನ್ನು ಸೊಸೆಯೇ ಎತ್ತಿಸಿದಂತಾಯಿತು. ಇದು ದೂರಲ್ಲ, ವಿವರ.

೫. ಆದಾಗ್ಯೂ, ಕಚೇರಿಯ ಮೇಲ್ವಿಚಾರಕರು ಇಂದು ನನ್ನನ್ನು ಒಳಗೆ ಕರೆದು, "ಯಜಮಾನ್ರೇ, ಜನ ಏನೇನು ಕೇಳ್ತಾರೆ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪುಟದಲ್ಲಿ ಬರೋ ಪಟ್ಟಿಗಳನ್ನ ನೀವೇ ಒಂದ್ಸಲ ನೋಡಿಕೊಡಿ, ಕೂತ್ಕೊಳ್ಳಿ" ಎಂದು ಕೇಳಿಕೊಂಡರು. ಆ ಕಚೇರಿಯ ಒಳಗೆ ನಾನು ಕುರ್ಚಿಯ ಮೇಲೆ ಕುಳಿತದ್ದು ಇದೇ ಪ್ರಥಮ.

ಹಳೆಯ ಅರ್ಜಿಗಳನ್ನು ನಕಲು ಮಾಡುತ್ತ ಮಾಡುತ್ತಲೇ ಭಾಷೆ ಕಲಿತವನಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕಿಲ್ಲ. ಅದನ್ನು ದಾಖಲಿಸುವ ಸಲುವಾಗಿ ಈ ಪುಸ್ತಕ.

ಮಾರ್ಚ್ ೬, ಗುರುವಾರ

ಸೊಸೆಯು ಇಂದು ಪುಟದ ರಚನೆಯನ್ನು ವಿವರಿಸಿದಳು. ಒತ್ತಿದೊಡನೆ ಪಟ್ಟಿಯೊಂದು ಕೆಳಗಿಳಿಯುವ ಪೆಟ್ಟಿಗೆಗೆ ಅವಳು 'ಡ್ರಾಪ್‌ಡೌನ್' ಎನ್ನುತ್ತಾಳೆ. ನಾನು 'ಇಳಿಪಟ್ಟಿ' ಎಂದು ನಾಮಕರಣ ಮಾಡಿದೆ. ಒಪ್ಪಿದಳು.

"ಎರಡು ಪೆಟ್ಟಿಗೆ ಮಾವ. ಮೊದಲನೇದ್ರಲ್ಲಿ ವಿಷಯ ಆರಿಸಿದ್ರೆ, ಎರಡನೇದು ಅದಕ್ಕೆ ತಕ್ಕ ಹಾಗೆ ತುಂಬಿಕೊಳ್ಳತ್ತೆ. 'ನೀರು' ಅಂದ್ರೆ ಪೈಪ್ ಒಡೆದಿದೆ, ನೀರು ಬರ್ತಿಲ್ಲ, ಕೊಳಕು ಬರ್ತಿದೆ. 'ಬೀದಿ ದೀಪ' ಅಂದ್ರೆ ಬೇರೆ ಪಟ್ಟಿ. ಎರಡೂ ಆರಿಸಿದ ಮೇಲೇನೇ 'ಸಲ್ಲಿಸಿ' ಅನ್ನೋ ಗುಂಡಿಗೆ ಜೀವ ಬರೋದು."

"ಅಷ್ಟೂ ಪಟ್ಟಿ ಆ ಪೆಟ್ಟಿಗೆಯಲ್ಲೇ ಅಡಗಿರುತ್ತದೆಯೋ?"

"ಇಲ್ಲ. ಹಿಂದುಗಡೆ ಡೇಟಾಬೇಸ್‌ನಲ್ಲಿ ಎರಡು ಕೋಷ್ಟಕ ಇದೆ. ಮೊದಲನೇದ್ರಲ್ಲಿ ವಿಷಯಗಳು. ಎರಡನೇದ್ರಲ್ಲಿ ಒಂದೊಂದು ಸಾಲಿನ ಪಕ್ಕದಲ್ಲೂ ಅದರ ಅಪ್ಪನ ಹೆಸರು ಬರೆದಿರತ್ತೆ. ಪುಟ ಅಪ್ಪನ ಹೆಸರು ಹಿಡಿದು ಕೂಗತ್ತೆ, ಮಕ್ಕಳು ಬರ್ತಾರೆ."

"ಕೂಗಿದರೂ ಬಾರದ ಮಕ್ಕಳಿದ್ದರೆ?"

"ನಿಮ್ಮ ಮಗನ ವಿಷಯ ಬೇರೆ ಬಿಡಿ ಮಾವ," ಎಂದು ನಕ್ಕಳು.

ಒಟ್ಟು ಹದಿನಾಲ್ಕು ವಿಷಯಗಳು. ಮೊದಲ ಕೋಷ್ಟಕದ ಪ್ರತಿಯನ್ನು ನನ್ನ ಕೈಗಿತ್ತು, "ತಪ್ಪಿದ್ರೆ ಕೆಂಪು ಗೆರೆ ಹಾಕಿಕೊಡಿ. ನೀವೇ ಕಂಪ್ಯೂಟರಿನಲ್ಲಿ ತಿದ್ದೋಕೆ ಹೋಗಬೇಡಿ" ಎಂದಳು. ನಲವತ್ತೊಂದು ವರ್ಷ ಇತರರ ತಪ್ಪು ತಿದ್ದಿದವನಿಗೆ ಈ ಸೂಚನೆ.

ಮಾರ್ಚ್ ೯, ಭಾನುವಾರ

ಟಕಟಕನ ಮನೆಗೆ ಭೇಟಿ. ಸದರಿ ಟಕಟಕನು ಮೂವತ್ತು ವರ್ಷ ಕಾಲ ಜಗಲಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕುಳಿತು, ನಾನು ಬರೆದುದನ್ನು ಬೆರಳಚ್ಚು ಮಾಡುತ್ತಿದ್ದವನು. ಯಂತ್ರದ ಸದ್ದಿನಿಂದಲೇ ಆ ಹೆಸರು. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಮಲಗಿ ಮಲಗಿ ಸೊಂಟದ ಕೆಳಗೆ ಹುಣ್ಣಾಗಿದ್ದು, ಕಚೇರಿಯ ಗೃಹ ಶುಶ್ರೂಷೆ ವಿಭಾಗದ ದಾದಿಯೊಬ್ಬಳು ವಾರಕ್ಕೆರಡು ಸಲ ಬಂದು ತೊಳೆದು ಕಟ್ಟಿ ಹೋಗುತ್ತಾಳೆ. ಮಾತು ತೊದಲುತ್ತದೆ, ನಾಲಿಗೆಯ ಚುರುಕು ತಗ್ಗಿಲ್ಲ.

"ಒಳಗೆ ಕರೆದು ಕುರ್ಚಿ ಕೊಟ್ರಂತೆ? ಇನ್ನು ತಲೆ ಮೇಲೆ ಕೊಂಬು ಮೂಡತ್ತೆ ಬಿಡು."

"ಮೂಡಿದರೆ ಕೊಂಬಿನ ಇಳಿ ಸಮೇತ ಮೂಡುತ್ತದೆ. ನಿನ್ನ ಹಾಗೆ ಬರೀ ಕೊಂಬಲ್ಲ."

ಅವನ ಯಂತ್ರದಲ್ಲಿ ದೀರ್ಘದ ಕೀಲಿ ಸೆಟೆದುಕೊಂಡಿತ್ತು. 'ಸೂಚನೆ' ಎಂಬುದು 'ಸುಚನೆ'ಯಾಗಿ ಬರುತ್ತಿತ್ತು. ನಾನು ಹಾಳೆಯನ್ನು ಹರಿದು ಮತ್ತೆ ಹೊಡೆಸುತ್ತಿದ್ದೆ.

"ಒಂದು ಇಳಿಗೋಸ್ಕರ ಇಡೀ ಹಾಳೆ ಹರಿದ ಮಹಾರಾಯ," ಎಂದು ಹೆಂಡತಿಯ ಕಡೆ ತಿರುಗಿದ. "ನಾನು ಸತ್ತಾಗ ಪತ್ರಿಕೆಯಲ್ಲಿ ಹಾಕಿಸ್ತೀಯಲ್ಲ, ಮೊದಲು ಇವನಿಗೆ ತೋರಿಸೇ. ಇಲ್ಲದಿದ್ರೆ ಎದ್ದು ಮತ್ತೆ ಸಾಯಬೇಕಾಗತ್ತೆ."

ಆಕೆ ನಗುತ್ತಲೇ ಅವನನ್ನು ಎಡಮಗ್ಗುಲಿಗೆ ಹೊರಳಿಸಿದಳು. ಎರಡು ಗಂಟೆಗೊಮ್ಮೆ ಹೊರಳಿಸಬೇಕಂತೆ.

ಮಾರ್ಚ್ ೨೮, ಶುಕ್ರವಾರ

ಸೊಸೆಯು ನಿನ್ನೆ ಹದಿನಾಲ್ಕೂ ವಿಷಯಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸಿ, ಎಲ್ಲವೂ ಸರಿಯಿದೆಯೆಂದು ಹೇಳಿದ್ದಳು. ಇಂದು ಅವಳು ಕಚೇರಿಗೆ ಹೋಗಿದ್ದಾಗ ಕಂಪ್ಯೂಟರು ತೆರೆದೇ ಇದ್ದುದರಿಂದ ಕೊನೆಯ ಸಲ ಕಣ್ಣಾಡಿಸಿದೆ. ಹನ್ನೊಂದನೆಯ ಸಾಲಿನಲ್ಲಿ 'ಗೃಹ ಶುಶ್ರುಷೆ' ಎಂದಿತ್ತು. ಕೊಂಬು ಮಾತ್ರ, ಇಳಿಯಿಲ್ಲ. ಕಾಗದದ ಪ್ರತಿಯಲ್ಲಿ ಇದು ನನ್ನ ಕಣ್ಣಿಗೆ ಹೇಗೆ ತಪ್ಪಿತೋ ತಿಳಿಯದು.

ಲಕ್ಷಾಂತರ ಜನ ನೋಡುವ ಪುಟದಲ್ಲಿ, ನಾನು ಪರಿಶೀಲಿಸಿದ ಪಟ್ಟಿಯಲ್ಲಿ, ಇಂಥ ಕಲೆ! ಒಂದು ಅಕ್ಷರಕ್ಕಾಗಿ ಕೆಂಪು ಗೆರೆ ಹಾಕಿ ಸೊಸೆಯ ಅಪ್ಪಣೆಗೆ ಕಾಯುವ ಅಗತ್ಯ ಕಾಣಲಿಲ್ಲ. ತೋರುಬೆರಳಿನಿಂದ ಹುಡುಕಿ ಹುಡುಕಿ ಒತ್ತಿ, 'ಗೃಹ ಶುಶ್ರೂಷೆ' ಎಂದು ತಿದ್ದಿ ಉಳಿಸಿದೆ. ಎರಡನೆಯ ಕೋಷ್ಟಕವನ್ನು ಕಚೇರಿಯ ಗುಮಾಸ್ತರು ತಯಾರಿಸಿದ್ದು, ಅದನ್ನು ನನಗೆ ತೋರಿಸಿಲ್ಲ. ಅದರ ಶುದ್ಧಾಶುದ್ಧಗಳಿಗೆ ನಾನು ಬಾಧ್ಯನಲ್ಲ.

ಸೊಸೆಗೆ ಹೇಳಲಿಲ್ಲ. ಹೇಳಿಕೊಳ್ಳುವಂಥ ದೊಡ್ಡ ಕೆಲಸವೇನಲ್ಲ.

ಏಪ್ರಿಲ್ ೧, ಮಂಗಳವಾರ

ಪುಟವು ಬೆಳಿಗ್ಗೆ ಹತ್ತಕ್ಕೆ ತೆರೆಯಿತು. ಮೇಲ್ವಿಚಾರಕರು ಎಲ್ಲರೆದುರು 'ನೀರು' ಒತ್ತಿ ತೋರಿಸಿದರು. ಚಪ್ಪಾಳೆ. ಸೊಸೆಯ ಹೆಸರಿನ ನಂತರ ನನ್ನ ಹೆಸರನ್ನೂ ಹೇಳಿದರು. ಜಗಲಿಯ ಮೇಜುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ನನ್ನ ಮೇಜು ಯಾವುದೆಂದು ಗುರುತಿಸಲು ಹೋಗಲಿಲ್ಲ.

ಏಪ್ರಿಲ್ ೫, ಶನಿವಾರ

ಟಕಟಕನ ಹೆಂಡತಿ ಮೂರು ಮಹಡಿ ಹತ್ತಿ ಬಂದಿದ್ದಳು. ದಾದಿಯ ಭೇಟಿಗೆ ಮಂಜೂರಾಗಿದ್ದ ಅವಧಿ ಮಾರ್ಚ್ ಕೊನೆಗೆ ಮುಗಿದಿದ್ದು, ಪುಟದಲ್ಲಿ ಹೊಸದಾಗಿ ಕೋರಿಕೆ ಸಲ್ಲಿಸದೆ ಆಕೆ ಬರುವಂತಿಲ್ಲವಂತೆ.

"ಮೊದಲನೇ ಪೆಟ್ಟಿಗೇಲಿ ನಮ್ಮದು ಸಿಕ್ತು ಅಣ್ಣಾ. ಎರಡನೇದು ಬಾಯೇ ಬಿಡಲ್ಲ."

ಆಕೆಯ ಫೋನನ್ನು ನೋಡಿದೆ. ಗಾಜು ಮೂಲೆಯಿಂದ ಮೂಲೆಗೆ ಒಡೆದಿದೆ. "ಈ ಫೋನಿನಲ್ಲಿ ಬಾಯಿ ಬಿಡುವುದಾದರೂ ಹೇಗೆ? ಮೆಲ್ಲಗೆ ಒತ್ತಬೇಕು, ಒತ್ತಿ ಕಾಯಬೇಕು" ಎಂದು ತಿಳಿಹೇಳಿ ಕಳಿಸಿದೆ. ಹದಿನಾಲ್ಕೂ ವಿಷಯಗಳು ಪರೀಕ್ಷೆಗೆ ಒಳಪಟ್ಟಿವೆ. ಅನುಮಾನಕ್ಕೆ ಎಡೆಯಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಆಕೆ ಪುನಃ ಬಂದಳು. ಪಕ್ಕದ ಮನೆಯವರ ಹೊಸ ಫೋನಿನಲ್ಲೂ ಆಗಲಿಲ್ಲವೆಂದಳು. ಕಚೇರಿಯಲ್ಲಿ ಕೇಳಿದರೆ, 'ದೂರಿದ್ದರೆ ಪುಟದಲ್ಲೇ ಹಾಕಿ' ಎಂದರಂತೆ.

"ಹುಣ್ಣು ನಾನೇ ತೊಳೀತಿದೀನಿ ಅಣ್ಣಾ. ನರ್ಸಮ್ಮ ಒಳಗೆ ಏನೋ ಅದ್ದಿ ತುಂಬ್ತಿದ್ರು, ಅದು ನನಗೆ ಬರಲ್ಲ. ನೀವೇ ಮೊದಲಿನ ಹಾಗೆ ಒಂದು ಅರ್ಜಿ ಬರೆದುಕೊಡಿ. ನೀವು ಬರೆದದ್ದು ಯಾವತ್ತೂ ವಾಪಸ್ ಬಂದಿಲ್ಲ."

ಈ ಕೊನೆಯ ಮಾತು ಸತ್ಯ. ಆದರೆ ಕಾಗದ ನಿಲ್ಲಿಸಿದ ಪುಟಕ್ಕೆ ಪಟ್ಟಿ ನೋಡಿಕೊಟ್ಟವನೇ ಕಾಗದ ಹಿಡಿದು ಹೋದರೆ ಮೇಲ್ವಿಚಾರಕರ ಎದುರು ನನ್ನ ಮುಖ ಏನಾಗಬೇಕು?

"ಪುಟದಲ್ಲಿ ತಪ್ಪಿಲ್ಲ ತಾಯಿ. ನಿಮಗೆ ಆರಿಸಲು ಬರುತ್ತಿಲ್ಲ. ಬೇರೆಯವರೆಲ್ಲ ಮಾಡುತ್ತಿದ್ದಾರೆ," ಎಂದೆ.

"ಇರಬಹುದು," ಎಂದಳು. ಕೊಟ್ಟಿದ್ದ ಲೋಟದ ನೀರನ್ನು ಮುಟ್ಟದೆ ಇಳಿದು ಹೋದಳು.

ಸೊಸೆಗೆ ತಿಳಿಸಬಹುದಿತ್ತು. ಅವಳು ಬೇರೊಂದು ಗುತ್ತಿಗೆಯ ಗಡಿಬಿಡಿಯಲ್ಲಿದ್ದಾಳೆ. ಒಡೆದ ಫೋನಿನ ಮಾತು ಕೇಳಿ ಪುಟವನ್ನು ಶಂಕಿಸಿದರೆ ಅವಳ ಕೆಲಸಕ್ಕೂ ನನ್ನ ಕೆಲಸಕ್ಕೂ ಅಗೌರವ.

ಏಪ್ರಿಲ್ ೨೦, ಭಾನುವಾರ

ಮೊಣಕಾಲು ನೋವು. ಟಕಟಕನ ಮನೆಗೆ ಹೋಗಲಾಗಲಿಲ್ಲ.

ಏಪ್ರಿಲ್ ೩೦, ಬುಧವಾರ

ಮೇಲ್ವಿಚಾರಕರಿಂದ ಕರೆ. ಒಂದು ತಿಂಗಳ ಅಂಕಿ-ಅಂಶ ಬಂದಿದೆ. ನೀರು: ಒಂಬೈನೂರ ಹನ್ನೆರಡು. ಬೀದಿ ದೀಪ: ನಾನೂರ ಆರು. ಗೃಹ ಶುಶ್ರೂಷೆ: ಸೊನ್ನೆ.

"ನೋಡಿ ಯಜಮಾನ್ರೇ, ಮೂರು ಜನ ನರ್ಸುಗಳನ್ನ ಸುಮ್ಮನೆ ಕೂರಿಸಿದೀವಿ. ಲಸಿಕೆ ವಿಭಾಗದಲ್ಲಿ ಜನ ಸಾಲ್ತಿಲ್ಲ. ಒಂದು ಟಿಪ್ಪಣಿ ಬರೆದುಕೊಡಿ, ನಿಮ್ಮ ಭಾಷೆಯಲ್ಲಿದ್ರೆ ಮೇಲಿನವರು ಒಂದೇ ಓದಿಗೆ ಸಹಿ ಹಾಕ್ತಾರೆ."

ಬರೆದುಕೊಟ್ಟೆ. ಮುಖ್ಯ ವಾಕ್ಯವನ್ನು ಇಲ್ಲಿ ನಕಲು ಮಾಡುತ್ತೇನೆ: 'ಸದರಿ ಸೇವೆಗಾಗಿ ಒಂದು ಮಾಸದ ಅವಧಿಯಲ್ಲಿ ಸಾರ್ವಜನಿಕರಿಂದ ಒಂದೇ ಒಂದು ಕೋರಿಕೆಯೂ ಸ್ವೀಕೃತವಾಗದೆ ಇರುವುದನ್ನು ಗಮನಿಸಲಾಗಿ, ಸೇವೆಯ ಅಗತ್ಯವೇ ಇಲ್ಲದಿರುವುದು ಸ್ವಯಂವೇದ್ಯವಾಗಿರುತ್ತದೆ.' ಮೇಲ್ವಿಚಾರಕರು 'ಸ್ವಯಂವೇದ್ಯ' ಎಂಬ ಪದವನ್ನು ಎರಡು ಸಲ ಓದಿ ತಲೆದೂಗಿದರು.

ಟಕಟಕನ ಹೆಂಡತಿ ಇನ್ನೂ ಸಲ್ಲಿಸಿಲ್ಲವೆಂಬುದು ನನ್ನ ಗಮನಕ್ಕೆ ಬಾರದೆ ಇರಲಿಲ್ಲ. ಸಲ್ಲಿಸದವರ ಪರವಾಗಿ ಅಂಕಿ ತಿದ್ದಲು ಬರುವುದಿಲ್ಲ.

ಮೇ ೬, ಮಂಗಳವಾರ

ಹೋದೆ. ಬಾಗಿಲಲ್ಲೇ ವಾಸನೆ ಹೊಡೆಯಿತು. ಕಿಟಕಿಗಳೆಲ್ಲ ತೆರೆದಿದ್ದವು, ಆದರೂ.

ಟಕಟಕನಿಗೆ ಎರಡು ದಿನದಿಂದ ಜ್ವರ. ಆಕೆ ಹೊದಿಕೆ ಎತ್ತಿ ತೋರಿಸಿದಳು. ಹುಣ್ಣು ಮುಷ್ಟಿ ಹಿಡಿಸುವಷ್ಟು ಅಗಲವಾಗಿದೆ, ತಳದಲ್ಲಿ ಬಿಳಿಯದೇನೋ ಕಾಣುತ್ತಿತ್ತು. ನಾನು ಗೋಡೆಯ ಕಡೆ ನೋಡಿದೆ.

"ಬಂದ್ಯಾ?" ಎಂದ. "ನರ್ಸಮ್ಮ ಬರಲೇ ಇಲ್ಲ ಕಣೋ. ಇವಳಿಗೆ ಅದೇನೋ ಒತ್ತೋಕೆ ಬರಲಿಲ್ಲ."

ಆಕೆ ತಲೆ ತಗ್ಗಿಸಿ ನಿಂತಿದ್ದಳು.

ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಮೆಟ್ಟಿಲಿಳಿಸುವಾಗ ನಾನು ಅವನ ಎಡಗೈ ಹಿಡಿದುಕೊಂಡಿದ್ದೆ. ಕಾದ ಇಸ್ತ್ರಿಪೆಟ್ಟಿಗೆಯಂತಿತ್ತು.

ಮೇ ೭, ಬುಧವಾರ

ಆಸ್ಪತ್ರೆಯ ಮೊಗಸಾಲೆ. ನಂಜು ರಕ್ತಕ್ಕೇರಿದೆ ಎಂದರು ವೈದ್ಯರು. ಆಕೆ ಒಳಗಿದ್ದಾಗ ಅವಳ ಫೋನು ನನ್ನ ಕೈಯಲ್ಲಿತ್ತು. ಸರಿಯಾಗಿ ಒತ್ತುವುದು ಹೇಗೆಂದು ಆಕೆಗೆ ತೋರಿಸೋಣವೆಂದು ಪುಟ ತೆರೆದೆ. 'ಗೃಹ ಶುಶ್ರೂಷೆ' ಒತ್ತಿದೆ. ಕಾದೆ. ಎರಡನೆಯ ಪೆಟ್ಟಿಗೆ ಖಾಲಿ. ಮೆಲ್ಲಗೆ ಒತ್ತಿದೆ. ಖಾಲಿ. 'ನೀರು' ಒತ್ತಿದರೆ ಮೂರು ಸಾಲು ಇಳಿಯಿತು. 'ಬೀದಿ ದೀಪ' ಒತ್ತಿದರೆ ಇಳಿಯಿತು.

ಮನೆಗೆ ಬಂದು ಸೊಸೆಗೆ ತೋರಿಸಿದೆ. ಅವಳು ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ತೆರೆದಳು. ಬಲಗಡೆಯದರಲ್ಲಿ ಹುಣ್ಣಿಗೆ ಪಟ್ಟಿ ಕಟ್ಟುವುದು, ಚುಚ್ಚುಮದ್ದು, ಕೊಳವೆ ಬದಲಾವಣೆ, ಎಲ್ಲ ಇದ್ದವು. ಪಕ್ಕದಲ್ಲಿ ಅಪ್ಪನ ಹೆಸರು: ಗೃಹ ಶುಶ್ರುಷೆ. ಎಡಗಡೆ: ಗೃಹ ಶುಶ್ರೂಷೆ.

"ಇಲ್ಲಿ ಹೀಗೆ ಇರಲಿಲ್ಲ," ಎಂದಳು. "ಎರಡೂ ಕಡೆ ಒಂದೇ ತಪ್ಪಿತ್ತು, ಅದಕ್ಕೇ ಸರಿಯಾಗಿತ್ತು. ಅಕ್ಷರಕ್ಕೆ ಅಕ್ಷರ ಕೂಡದಿದ್ರೆ ಅದು ಬೇರೆ ಹೆಸರು ಅಂದ್ಕೊಳ್ಳತ್ತೆ. ಮಾವ, ಇದನ್ನ ಯಾರು ಮುಟ್ಟಿದ್ರು?"

"ನನಗೆ ತಿಳಿಯದು," ಎಂದೆ.

ಎರಡು ನಿಮಿಷದಲ್ಲಿ ಸರಿಪಡಿಸಿದಳು. ಎರಡನೆಯ ಪೆಟ್ಟಿಗೆ ತುಂಬಿತು. ಟಕಟಕನ ಪರವಾಗಿ ಕೋರಿಕೆಯನ್ನು ಅವಳೇ ಸಲ್ಲಿಸಿದಳು. ಹತ್ತು ನಿಮಿಷಕ್ಕೆ ಉತ್ತರ ಬಂತು: ಈ ಸೇವೆಯನ್ನು ಹಿಂಪಡೆಯಲಾಗಿದೆ.

ಮೇ ೯, ಶುಕ್ರವಾರ

ಸೊಸೆಯನ್ನು ಕಚೇರಿಗೆ ಕರೆಸಿದ್ದರು. ತಿರುಗಿ ಬಂದವಳು ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಕುಳಿತಳು.

"ನಂದೇ ತಪ್ಪು ಅಂತ ಒಪ್ಪಿಕೊಂಡೆ ಮಾವ. ಹೆಸರಿಂದ ಜೋಡಿಸಬಾರದಿತ್ತು. ಒಂದೊಂದು ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು, ಅದರಿಂದ ಜೋಡಿಸಬೇಕಿತ್ತು. ಆಗ ಯಾರು ಏನು ತಿದ್ದಿದ್ರೂ ಹೀಗಾಗ್ತಿರಲಿಲ್ಲ. ಗುಮಾಸ್ತರ ಹಾಳೆ ಬಂದ ಹಾಗೇ ಹಾಕಿಬಿಟ್ಟೆ. ಇನ್ನು ಮುಂದೆ ಅವರ ಕೆಲಸ ನನಗಿಲ್ಲ."

ಹೌದಲ್ಲವೇ, ಅವಳದೂ ತಪ್ಪಿದೆ, ಅವಳೇ ಹೇಳುತ್ತಿದ್ದಾಳೆ, ಎಂದುಕೊಂಡೆ. ಹಾಗೆಂದುಕೊಂಡೇ ಅವಳು ಬಡಿಸಿದ್ದನ್ನು ತಿಂದೆ.

ಮೇ ೧೨, ಸೋಮವಾರ

ಟಕಟಕ ಹೋದ. ಬೆಳಿಗ್ಗೆ ಎಂಟೂವರೆ.

ಪತ್ರಿಕೆಗೆ ಕೊಡುವ ನಾಲ್ಕು ಸಾಲನ್ನು ಆಕೆ ನನ್ನ ಮುಂದೆ ಹಿಡಿದಳು. ತಪ್ಪಿತ್ತು. ತಿದ್ದಲು ಕೈ ಬರಲಿಲ್ಲ. ಚೆನ್ನಾಗಿದೆ ಎಂದೆ.

ಮೇ ೧೩, ಮಂಗಳವಾರ

ಸೊಸೆ ಬಟ್ಟೆ ಮಡಿಸುತ್ತಿದ್ದಳು. ಎದುರಿಗೆ ನಿಂತು ಹೇಳಿದೆ, "ನಾನು ತಿದ್ದಿದ್ದು."

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಮುಗಿಸಿದಳು.

"ಗೊತ್ತು ಮಾವ."

"ಯಾವಾಗಿಂದ?"

"ಅವತ್ತೇ. ಯಾವ ಹೊತ್ತಲ್ಲಿ ತಿದ್ದಿದ್ದು ಅಂತ ಅದರಲ್ಲಿ ದಾಖಲಾಗಿರತ್ತೆ. ಆ ಹೊತ್ತಲ್ಲಿ ಮನೇಲಿ ನೀವೊಬ್ಬರೇ. ಮತ್ತೆ, ಒಂದು ಇಳಿಗೋಸ್ಕರ ಅಷ್ಟು ಕಷ್ಟ ಬೀಳೋರು ಈ ಊರಲ್ಲಿ ಇನ್ಯಾರಿದಾರೆ?"

ತಮಾಷೆಯಾಗಿ ಹೇಳಲು ಹೊರಟಿದ್ದಳು. ನಗದೆ ಇನ್ನೊಂದು ಅಂಗಿಯನ್ನು ಕೈಗೆತ್ತಿಕೊಂಡಳು.

"ಹೇಳದೆ ಯಾಕೆ ಇದ್ದೆ?"

"ನೀವು ಹೇಳ್ತೀರೇನೋ ಅಂತ ಕಾದೆ."

ನಂತರ ಅವಳು ಇನ್ನೊಂದು ದಾಖಲೆ ತೆರೆದು ತೋರಿಸಿದಳು. ಪುಟದೊಳಗೆ ಬರಲು ಫೋನ್ ನಂಬರು ಕೊಡಲೇಬೇಕಾದ್ದರಿಂದ, ಯಾರು ಏನನ್ನು ಒತ್ತಿದರೆಂಬುದು ಆ ನಂಬರಿನೊಂದಿಗೆ ಉಳಿದಿರುತ್ತದಂತೆ. ಏಪ್ರಿಲ್ ಒಂದರಿಂದ ಮೇ ಏಳರವರೆಗೆ 'ಗೃಹ ಶುಶ್ರೂಷೆ' ಒತ್ತಿ, ಎರಡನೆಯ ಪೆಟ್ಟಿಗೆಯ ಮುಂದೆ ನಿಂತು, ಹಿಂದಕ್ಕೆ ಹೋದವರು ಮೂವತ್ತೇಳು ಜನ. ಒಬ್ಬರು ಎರಡು ಸಲ. ಒಬ್ಬರು ಹದಿನೈದು ಸಲ. ಒಂಬತ್ತನೆಯ ಸಾಲಿನ ನಂಬರು ನನಗೆ ಬಾಯಿಪಾಠ. ಅರವತ್ತೆರಡು ಸಲ.

ಮೇ ೧೫, ಗುರುವಾರ

ಅವನ ಹೆಂಡತಿಗೆ ಹೇಳಿದೆ. ಮಂಚ ಖಾಲಿಯಿತ್ತು, ಹಾಸಿಗೆಯನ್ನು ಹೊರಗೆ ಬಿಸಿಲಿಗೆ ಹಾಕಿದ್ದರು. ಯಾವ ಅಕ್ಷರ, ಯಾವ ದಿನ, ಟಿಪ್ಪಣಿಯಲ್ಲಿ ಏನು ಬರೆದೆ, ಆಕೆಯಂತೆಯೇ ಒತ್ತಿ ಹಿಂದಕ್ಕೆ ಹೋದವರು ಎಷ್ಟು ಜನ, ಎಲ್ಲವನ್ನೂ ಹೇಳಿದೆ. 'ಆಯಿತು', 'ಉಂಟಾಯಿತು' ಎಂಬ ಮಾತುಗಳು ಬಾಯಿಗೆ ಬರುತ್ತಿದ್ದವು. ಬಿಟ್ಟು, 'ಮಾಡಿದೆ' ಎಂದೆ.

ಆಕೆ ಹೊರಗೆ ಹೋಗಿ ಹಾಸಿಗೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಂದಳು.

"ಹಾಗಾದ್ರೆ ನಾನು ಸರಿಯಾಗೇ ಒತ್ತಿದ್ದೆ."

"ಸರಿಯಾಗೇ ಒತ್ತಿದ್ದಿರಿ."

"ನನಗೇ ಬುದ್ಧಿ ಸಾಲದು, ಒತ್ತೋಕೆ ಬರಲ್ಲ ಅಂತ ಅವರಿಗೆ ಹೇಳಿದ್ದೆ. ನೀವು ಹಾಗೆ ಅಂದ್ರಿ ಅಂತ. ಅವರು ಅದನ್ನೇ ನಂಬಿಕೊಂಡು ಹೋದ್ರು."

ಎದ್ದು ನಿಂತೆ. ಬಾಗಿಲವರೆಗೆ ಬಂದವಳು, "ಮಿಕ್ಕವರ ಮನೇಲಿ ಇನ್ನೂ ಮಲಗಿದಾರೆ ತಾನೇ? ಇಲ್ಲಿ ಬಂದು ಹೇಳಿದ್ರೆ ಏನು ಬಂತು? ಅಲ್ಲಿಗೆ ಹೋಗಿ" ಎಂದಳು.

ಮೇ ೧೬, ಶುಕ್ರವಾರ

ಪಟ್ಟಿಯಲ್ಲಿದ್ದವರಿಗೆ ಫೋನು ಮಾಡಿ ಹೇಳಿದೆ: ನಿನ್ನೆ ಸಂಜೆ ಹನ್ನೊಂದು ನಂಬರು, ಇಂದು ಇಪ್ಪತ್ತೈದು. ಕೆಲವರು ಬೈದರು. ಒಬ್ಬಾಕೆ, "ನನ್ನ ಮಗ ನನ್ನನ್ನೇ ಬೈದಿದ್ದ, ಅವನಿಗೂ ಸ್ವಲ್ಪ ಹೇಳಿ" ಎಂದು ಫೋನನ್ನು ಮಗನ ಕೈಗೆ ಕೊಟ್ಟಳು. ಅವನಿಗೂ ಹೇಳಿದೆ. ಇನ್ನೊಬ್ಬರು ಕೇಳಿದ್ದು ಒಂದೇ ಮಾತು, ನರ್ಸ್ ಯಾವತ್ತು ಬರ್ತಾರೆ. ಗೊತ್ತಿಲ್ಲ ಎಂದೆ.

ಮೇ ೧೭, ಶನಿವಾರ

ಹೇಳಿಕೆಯನ್ನು ಕಾಗದದಲ್ಲಿ ಬರೆದು ಕಚೇರಿಗೆ ಒಯ್ದೆ. ಮೇಲ್ವಿಚಾರಕರು ಓದಿದರು. ಕೂರಲು ಹೇಳಲಿಲ್ಲ. "ಇದನ್ನ ಕೊಟ್ರೆ ಆ ಟಿಪ್ಪಣಿಗೆ ಸಹಿ ಹಾಕಿದ ನಾವೆಲ್ಲ ಏನಾಗಬೇಕು ಯಜಮಾನ್ರೇ? ನಿಮ್ಮ ಸೊಸೆ ಒಪ್ಪಿಕೊಂಡಾಯ್ತಲ್ಲ, ಮುಗೀತಲ್ಲ? ಅಲ್ಲದೆ, ಕಾಗದ ತಗೊಳ್ಳೋ ಹಾಗಿಲ್ಲ" ಎಂದು ಮೇಜಿನ ತುದಿಗೆ ತಳ್ಳಿದರು. ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸೋಮವಾರ ಮತ್ತೊಂದು ಪ್ರತಿ ಒಯ್ಯುತ್ತೇನೆ, ಮಂಗಳವಾರ ಇನ್ನೊಂದು. ನಕಲು ಮಾಡುವುದು ನನಗೆ ಹೊಸದಲ್ಲ.

ಬರೆದದ್ದು ಇಷ್ಟು:

ಮಾರ್ಚ್ ೨೮ರಂದು ಕೋಷ್ಟಕವನ್ನು ತಿದ್ದಿದವನು ನಾನು. ತಿದ್ದಬೇಡಿ ಎಂದು ಸೊಸೆ ಮೊದಲೇ ಹೇಳಿದ್ದಳು. ಯಾರು ತಿದ್ದಿದ್ದೆಂದು ಅವಳು ಕೇಳಿದಾಗ ಸುಳ್ಳು ಹೇಳಿದೆ. ಕೋರಿಕೆ ಸೊನ್ನೆ ಎಂದು ಟಿಪ್ಪಣಿ ಬರೆದವನೂ ನಾನೇ. ಅದು ಸೊನ್ನೆಯಲ್ಲ, ಮೂವತ್ತೇಳು. ಸೊಸೆಗೆ ಅವಳ ಕೆಲಸವನ್ನು ಹಿಂದಿರುಗಿಸಿ. ದಾದಿಯರನ್ನು ಕಳಿಸಿ. ಇವತ್ತೇ ಕಳಿಸಿ.

(ಸಹಿ)
ಅರ್ಜಿ ಬರೆಯುತ್ತಿದ್ದವನು

ಲಗತ್ತು: ಮೂವತ್ತೇಳು ಫೋನ್ ನಂಬರುಗಳ ಪಟ್ಟಿ, ಹಾಳೆ ಒಂದು. ಒಂಬತ್ತನೆಯ ಸಾಲಿನವರ ಮನೆಗೆ ಇನ್ನು ಯಾರೂ ಹೋಗಬೇಕಾಗಿಲ್ಲ.